ಮುಟ್ಟಿನ ರಜೆ ಕೊಟ್ಟರೆ ನಮ್ಮ ಕೆಲಸಕ್ಕೇ ಕುತ್ತೇ?

ಪ್ರಶ್ನೆ: ಮೇಡಂ, ಬೆಂಗಳೂರಿನ ಹೊರವಲಯದ ಒಂದು ಗಾರ್ಮೆಂಟ್ ಕಾರ್ಖಾನೆಯಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಟೈಲರ್ ಆಗಿ ಸೇರಿದವಳು, ಈಗ ಹಾಜರಾತಿ ಮತ್ತು ರಜೆಯ ಲೆಕ್ಕ ನೋಡಿಕೊಳ್ಳುತ್ತೇನೆ. 190 ಜನರಲ್ಲಿ 150 ಹೆಂಗಸರು. ತಿಂಗಳಿಗೊಂದು ಮುಟ್ಟಿನ ರಜೆಯ ಸರ್ಕಾರಿ ಆದೇಶ ಬಂದಾಗಿನಿಂದ ಮಾಲೀಕರು ‘ಇದು ಹೀಗೇ ಆದರೆ ಮುಂದಿನ ಬ್ಯಾಚಿಗೆ ಹುಡುಗರನ್ನೇ ತೆಗೆದುಕೊಳ್ಳುತ್ತೇನೆ’ ಎನ್ನುತ್ತಿದ್ದಾರೆ. ಕೋರ್ಟು ತಡೆ ಕೊಟ್ಟಿದೆ ಎಂಬ ವಾಟ್ಸ್ಆ್ಯಪ್ ಸಂದೇಶವನ್ನೂ ತೋರಿಸಿದರು. ಹಳೆಯ ಟೈಲರ್‌ಗಳು ‘ನಾವು ಸಹಿಸಿಕೊಂಡು ದುಡಿಯಲಿಲ್ವಾ’ ಎನ್ನುತ್ತಾರೆ. ಕಳೆದ ವಾರ ಒಬ್ಬ ಹುಡುಗಿ ರಜೆ ಕೇಳಿದಾಗ ಸೂಪರ್‌ವೈಸರ್ ‘ಏನು, ಡೇಟ್ ಆಗಿದೆಯಾ?’ ಎಂದು ಇಡೀ ಲೈನಿಗೆ ಕೇಳುವಂತೆ ಕೂಗಿದರು. ಅವಳು ರಜೆ ಬೇಡವೆಂದು ಮಷೀನಿಗೆ ವಾಪಸ್ ಹೋದಳು. ನನಗೂ ಆ ವಯಸ್ಸಿನಲ್ಲಿ ವಿಪರೀತ ನೋವಿತ್ತು. ಆದರೂ ಭಯವಾಗುತ್ತಿದೆ. ಈ ರಜೆ ನಮಗೆ ಒಳ್ಳೆಯದೋ, ನಮ್ಮ ಅನ್ನಕ್ಕೆ ಕಲ್ಲೋ? ಮಾಲೀಕರಿಗೆ ಏನು ಹೇಳಲಿ?

ಉತ್ತರ: ನಿಮ್ಮ ಪತ್ರದಲ್ಲಿರುವುದು ಎರಡು ಭಯ. ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಳ್ಳುವುದೇ ನಿಂತುಹೋದರೆ ಎಂಬುದು ಒಂದು. ರಜೆ ಕಾಗದದಲ್ಲಿದ್ದೂ ಕೇಳಲು ಬಾಯಿ ಬಾರದೆ ಹೋದರೆ ಎಂಬುದು ಇನ್ನೊಂದು. ಟಿವಿ ಚರ್ಚೆಗಳೆಲ್ಲ ಮೊದಲನೆಯದರ ಸುತ್ತ ಗಿರಕಿ ಹೊಡೆಯುತ್ತವೆ. ಕಾರ್ಖಾನೆಗಳಿಗೆ ಕಾರ್ಮಿಕ ಕಾನೂನಿನ ಸಲಹೆ ಕೊಡುತ್ತಾ ಇಪ್ಪತ್ತು ವರ್ಷ ಕಳೆದ ನನಗೆ ಎರಡನೆಯದೇ ಹೆಚ್ಚು ನಿಜವೆನಿಸುತ್ತದೆ.

ಮೊದಲು ಆ ವಾಟ್ಸ್ಆ್ಯಪ್ ಸಂದೇಶದ ವಿಷಯ ಮುಗಿಸೋಣ. ರಾಜ್ಯ ಸಚಿವ ಸಂಪುಟ ಈ ನೀತಿಗೆ ಒಪ್ಪಿಗೆ ಕೊಟ್ಟದ್ದು 2025ರ ಅಕ್ಟೋಬರ್ 9ರಂದು. ನವೆಂಬರ್‌ನಲ್ಲಿ ಆದೇಶ ಹೊರಬಿತ್ತು. ಹೋಟೆಲ್ ಮಾಲೀಕರ ಸಂಘದವರು ಹೈಕೋರ್ಟಿಗೆ ಹೋದರು. ಡಿಸೆಂಬರ್ 9ರಂದು ತಡೆಯಾಜ್ಞೆ ಬಂದದ್ದು ನಿಜ, ಆದರೆ ಅದೇ ದಿನ ನ್ಯಾಯಾಲಯ ಅದನ್ನು ಹಿಂಪಡೆಯಿತು. ತಡೆ ಬಂದ ಸುದ್ದಿ ಎಲ್ಲರ ಮೊಬೈಲಿಗೂ ಬಂತು, ಹಿಂಪಡೆದ ಸುದ್ದಿ ಅಷ್ಟು ದೂರ ಓಡಲಿಲ್ಲ. ಮಾಲೀಕರು ತೋರಿಸಿದ್ದು ಬಹುಶಃ ಆ ಅರ್ಧ ದಿನದ ಸುದ್ದಿಯನ್ನು. ಅದನ್ನು ನಂಬಿ ರಜೆ ತಡೆಹಿಡಿಯುವಂತಿಲ್ಲ.

ಆದೇಶದಲ್ಲಿ ಇರುವುದಿಷ್ಟು: 18ರಿಂದ 52 ವರ್ಷದೊಳಗಿನ ಹೆಂಗಸರಿಗೆ ತಿಂಗಳಿಗೆ ಒಂದು ದಿನ, ವರ್ಷಕ್ಕೆ 12 ದಿನ, ಸಂಬಳ ಸಹಿತ. ಕಾಯಂ ನೌಕರರಿಗೆ ಮಾತ್ರವಲ್ಲ, ಗುತ್ತಿಗೆಯವರಿಗೂ ಹೊರಗುತ್ತಿಗೆಯವರಿಗೂ ಉಂಟು. ಡಾಕ್ಟರ್ ಸರ್ಟಿಫಿಕೇಟ್ ಕೇಳುವಂತಿಲ್ಲ. ಈ ತಿಂಗಳದ್ದನ್ನು ಮುಂದಿನ ತಿಂಗಳಿಗೆ ಉಳಿಸಿಕೊಳ್ಳಲು ಬರುವುದಿಲ್ಲ. ‘ಹನ್ನೆರಡನ್ನೂ ಕೂಡಿಹಾಕಿ ಹಬ್ಬಕ್ಕೆ ಊರಿಗೆ ಹೊರಟುಬಿಡುತ್ತಾರೆ’ ಎಂಬ ಮಾತು ನಿಮ್ಮಲ್ಲೂ ಓಡಾಡುತ್ತಿದ್ದರೆ ಅದಕ್ಕೆ ಅಲ್ಲಿಯೇ ಉತ್ತರವಿದೆ.

ಈಗ ಹಳೆಯ ಟೈಲರ್‌ಗಳ ಮಾತು. ‘ನಾವು ಸಹಿಸಿಕೊಂಡಿಲ್ವಾ’ ಎನ್ನುವುದರಲ್ಲಿ ಸುಳ್ಳೇನಿಲ್ಲ, ಸಹಿಸಿಕೊಂಡಿದ್ದಾರೆ. ಆದರೆ ಎಲ್ಲರ ನೋವೂ ಒಂದೇ ತೂಕದ್ದಲ್ಲ. ಮುಟ್ಟಿನ ದಿನಗಳಲ್ಲಿ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ಗರ್ಭಕೋಶದ ಸ್ನಾಯುಗಳನ್ನು ಹಿಂಡಿದಂತೆ ಮಾಡುತ್ತದೆ. ಅದು ಹೆಚ್ಚಿದ್ದವರಿಗೆ ನೋವೂ ಹೆಚ್ಚು, ವಾಂತಿ ಭೇದಿಯೂ ಆಗಬಹುದು. ಇದಲ್ಲದೆ ಎಂಡೊಮೆಟ್ರಿಯೋಸಿಸ್ ಎಂಬ ಕಾಯಿಲೆಯಿದೆ. ಗರ್ಭಕೋಶದ ಒಳಪದರದಂಥದೇ ಅಂಗಾಂಶ ಹೊರಗೂ ಬೆಳೆಯುವ ಸ್ಥಿತಿ ಅದು. ಹೆರುವ ವಯಸ್ಸಿನ ಹೆಂಗಸರಲ್ಲಿ ಸುಮಾರು ಶೇ 10ರಷ್ಟು ಮಂದಿಗೆ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪತ್ತೆಯಾಗುವುದಕ್ಕೇ ವರ್ಷಗಟ್ಟಲೆ ಹಿಡಿಯುತ್ತದೆ, ಏಕೆಂದರೆ ತಾಯಿಯಿಂದ ಡಾಕ್ಟರವರೆಗೆ ಎಲ್ಲರೂ ‘ಅದು ಇರೋದೇ’ ಎಂದು ಕಳಿಸಿಬಿಡುತ್ತಾರೆ. ನಿಮ್ಮ 150 ಜನರಲ್ಲಿ ಬಹಳ ಮಂದಿಗೆ ಈ ರಜೆ ಯಾವ ತಿಂಗಳೂ ಬೇಕಾಗದೇ ಇರಬಹುದು. ಕೆಲವರಿಗೆ ಪ್ರತಿ ತಿಂಗಳೂ ಬೇಕು. ಅವರಿಗೆ ಒಂದು ದಿನವೂ ಸಾಲದು.

ಇನ್ನು ಮಾಲೀಕರ ಬೆದರಿಕೆ. ಇದನ್ನು ‘ಹೆಣ್ಣು ವಿರೋಧಿ’ ಎಂದು ತಳ್ಳಿಹಾಕಿದರೆ ಸುಲಭ. ನಾನು ಹಾಗೆ ತಳ್ಳಿಹಾಕುವುದಿಲ್ಲ. ಏಕೆಂದರೆ ಸುಪ್ರೀಂ ಕೋರ್ಟೇ 2024ರ ಜುಲೈನಲ್ಲಿ ಇಂಥ ರಜೆ ಕೋರಿದ ಅರ್ಜಿಯ ಮುಂದೆ ಇದೇ ಆತಂಕ ಹೇಳಿತು. ಕಡ್ಡಾಯ ಮಾಡಿದರೆ ಹೆಂಗಸರನ್ನು ಕೆಲಸದಿಂದ ದೂರ ಇಡುವಂತಾಗಬಹುದು, ಇದು ಸರ್ಕಾರಗಳು ನೀತಿಯಾಗಿ ತೀರ್ಮಾನಿಸಬೇಕಾದ ವಿಷಯ ಎಂದಿತು. ಹಾಗಾಗಿ ಪ್ರಶ್ನೆ ಗಂಭೀರವೇ. ಆದರೆ ಉತ್ತರ ಎಲ್ಲ ಕಡೆಗೂ ಒಂದೇ ಅಲ್ಲ, ಯಾವ ಕೆಲಸ ಎಂಬುದರ ಮೇಲೆ ನಿಂತಿದೆ.

ಗಾರ್ಮೆಂಟಿನ ಲೆಕ್ಕವನ್ನೇ ಹಾಕೋಣ. 150 ಹೆಂಗಸರೂ ಒಂದೂ ಬಿಡದೆ ಹನ್ನೆರಡು ರಜೆ ತೆಗೆದುಕೊಂಡರು ಎಂದೇ ಇಟ್ಟುಕೊಳ್ಳಿ. ವರ್ಷಕ್ಕೆ 1,800 ದಿನ. ತಿಂಗಳಿಗೆ 26 ದಿನದಂತೆ ವರ್ಷಕ್ಕೆ 312 ಕೆಲಸದ ದಿನ. ಭಾಗಿಸಿದರೆ ದಿನಕ್ಕೆ ಸರಾಸರಿ ಆರು ಜನ ಕಡಿಮೆ. ಹೆಂಗಸರ ಸಂಬಳದ ಮೊತ್ತದಲ್ಲಿ ಶೇ 4ಕ್ಕಿಂತ ಸ್ವಲ್ಪ ಕಮ್ಮಿ. ಇದು ಮೇಲ್ಮಿತಿ. ಈಗ ನೀವೇ ನೋಡಿಕೊಳ್ಳುವ ಹಾಜರಾತಿ ರಿಜಿಸ್ಟರ್ ತೆರೆಯಿರಿ. ಕಳೆದ ಮೂರು ತಿಂಗಳಲ್ಲಿ ದಿನಕ್ಕೆ ಎಷ್ಟು ಜನ ಹೇಳದೆ ಕೇಳದೆ ಗೈರಾಗಿದ್ದಾರೆ ಎಂದು ಎಣಿಸಿ. ನಾನು ನೋಡಿದ ಯಾವ ಗಾರ್ಮೆಂಟಿನಲ್ಲೂ ಆ ಸಂಖ್ಯೆ ಆರಕ್ಕಿಂತ ಕಡಿಮೆ ಇರಲಿಲ್ಲ. ಹೊಟ್ಟೆನೋವಿಗೆ ಮನೆಯಲ್ಲೇ ಉಳಿದವಳು ಮಾರನೇ ದಿನ ‘ಮಗುವಿಗೆ ಜ್ವರ’ ಎಂದು ಬರೆಸಿದ ಗೈರುಗಳೂ ಅದರಲ್ಲೇ ಸೇರಿರುತ್ತವೆ. ಹೊಸ ರಜೆಯ ಒಂದು ಪಾಲು ಹಳೆಯ ಗೈರಿನದೇ ಹೊಸ ಹೆಸರು.

ಮಾಲೀಕರ ಕಷ್ಟ ಸಂಬಳದ್ದಕ್ಕಿಂತ ಲೈನಿನದು. ಕಾಲರ್ ಕೂರಿಸುವ ಟೈಲರ್ ಬರದಿದ್ದರೆ ಹಿಂದಿನವರ ಬಂಡಲ್ ರಾಶಿ ಬೀಳುತ್ತದೆ, ಮುಂದಿನವರು ಕೈ ಕಟ್ಟಿ ಕೂರುತ್ತಾರೆ, ಸಂಜೆ ಟಾರ್ಗೆಟ್ ತಪ್ಪುತ್ತದೆ. ವಿದೇಶದ ಬ್ರ್ಯಾಂಡು ಪೀಸಿಗೆ ಇಷ್ಟು ಎಂದು ದರ ಕಟ್ಟಿಬಿಟ್ಟಿರುತ್ತದೆ, ಕರ್ನಾಟಕದಲ್ಲಿ ಹೊಸ ರಜೆ ಬಂತೆಂದು ಒಂದು ರೂಪಾಯಿ ಏರಿಸುವುದಿಲ್ಲ. ಇದಕ್ಕೆ ಗೊತ್ತಿರುವ ಮದ್ದು ಒಂದೇ: ಮೂರು ನಾಲ್ಕು ಬಗೆಯ ಹೊಲಿಗೆ ಬಲ್ಲ, ಯಾರು ಬರದಿದ್ದರೂ ಅವರ ಜಾಗದಲ್ಲಿ ಕೂರಬಲ್ಲ ಫ್ಲೋಟರ್‌ಗಳನ್ನು ಇಟ್ಟುಕೊಳ್ಳುವುದು. ಹೆಲ್ಪರ್ ಆಗಿರುವ ಚುರುಕಾದ ಹುಡುಗಿಯರಿಗೆ ಎರಡು ಮಷೀನ್ ಕಲಿಸಿ, ಕೂಲಿ ಸ್ವಲ್ಪ ಹೆಚ್ಚಿಸಿ. ಅದರ ಲಾಭ ಈ ರಜೆಗೆ ಮಾತ್ರವಲ್ಲ, ಹಬ್ಬದ ಮಾರನೇ ದಿನಕ್ಕೂ ಇದೆ.

ಹುಡುಗರನ್ನು ತೆಗೆದುಕೊಳ್ಳುತ್ತೇನೆ ಎಂಬ ಮಾತಿಗೆ ಬಂದರೆ, ನನಗೆ ಸ್ವಲ್ಪ ನಗು ಬರುತ್ತದೆ. ಗಾರ್ಮೆಂಟಿನಲ್ಲಿ ಹೆಂಗಸರೇ ತುಂಬಿರುವುದು ಯಾರ ಔದಾರ್ಯದಿಂದಲೂ ಅಲ್ಲ. ರಾಜ್ಯದ ಕನಿಷ್ಠ ಕೂಲಿ ಪಟ್ಟಿಯಲ್ಲಿ ಈ ಉದ್ಯಮ ಕೆಳಗಿನ ಸಾಲಿನದು, ಆ ಸಂಬಳಕ್ಕೆ ನಾಲ್ಕು ತಿಂಗಳು ನಿಲ್ಲುವ ಹುಡುಗರು ಸಿಕ್ಕಿದ್ದರೆ ಮಾಲೀಕರು ಎಂದೋ ತೆಗೆದುಕೊಂಡಿರುತ್ತಿದ್ದರು. ಹೆಣ್ಣೆಂಬ ಕಾರಣಕ್ಕೆ ನೇಮಕ ನಿರಾಕರಿಸುವುದು 1976ರ ಸಮಾನ ವೇತನ ಕಾಯ್ದೆಯ ಕಾಲದಿಂದಲೂ ಕಾನೂನುಬಾಹಿರ, ಈಗ ಅದರ ಬದಲು ಬಂದಿರುವ ವೇತನ ಸಂಹಿತೆಯಲ್ಲೂ ಹಾಗೆಯೇ ಇದೆ. ಆದರೆ ಕಾನೂನಿಗಿಂತ ಗಟ್ಟಿಯಾಗಿ ನಿಮ್ಮನ್ನು ಕಾಯುತ್ತಿರುವುದು ಆ ಸಂಬಳದ ಲೆಕ್ಕ. ಹೇಳಲು ಕಹಿಯಾದರೂ ಅದೇ ನಿಜ.

ಅಪಾಯ ನಿಜವಾಗಿಯೂ ಇರುವುದು ಬೇರೆ ಕಡೆ. ಎಂಟು ಹತ್ತು ಜನರ ಆಫೀಸು, ಸಣ್ಣ ಹೋಟೆಲು, ಆಡಿಟರ್ ಕಚೇರಿ, ಹೊಸ ಸಾಫ್ಟ್‌ವೇರ್ ಕಂಪನಿ. ಅಲ್ಲಿ ಒಂದೇ ಸಂಬಳಕ್ಕೆ ಗಂಡೂ ಹೆಣ್ಣೂ ಅರ್ಜಿ ಹಾಕುತ್ತಾರೆ, ಸಂದರ್ಶನದಲ್ಲಿ ಕಾರಣ ಹೇಳದೆ ಒಬ್ಬರನ್ನು ಬಿಟ್ಟುಬಿಡಬಹುದು. ಹೆರಿಗೆ ರಜೆಯ ವಿಷಯದಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ. 2017ರಲ್ಲಿ 12 ವಾರದ ರಜೆಯನ್ನು 26 ವಾರಕ್ಕೆ ಏರಿಸಿದಾಗ ಒಬ್ಬ ಸಣ್ಣ ಉದ್ಯಮಿ ನನ್ನೆದುರೇ ಅರ್ಜಿಗಳನ್ನು ಎರಡು ಕಟ್ಟು ಮಾಡಿದರು. ಮದುವೆಯಾಗಿ ಮಕ್ಕಳಿಲ್ಲದವರ ಕಟ್ಟು ಮೇಜಿನ ಕೆಳಗೆ ಹೋಯಿತು. ನಾನು ಆಕ್ಷೇಪಿಸಿದೆ, ಅವರು ನಕ್ಕರು. ಆ ಕಟ್ಟನ್ನು ಯಾವ ಇನ್‌ಸ್ಪೆಕ್ಟರೂ ಹುಡುಕಲಾರ.

ಆದರೆ ಅದೇ ಹೆರಿಗೆ ರಜೆ ನಿಮ್ಮ ಕಾರ್ಖಾನೆಯಲ್ಲಿ ಅಂಥ ಗಲಾಟೆ ಎಬ್ಬಿಸಲಿಲ್ಲ ಅಲ್ಲವೇ? ಕಾರಣ ಸಂಬಳ ಚೀಟಿಯಲ್ಲೇ ಇದೆ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿರುವವರು ಇಎಸ್‌ಐ ಎಂಬ ಕಾರ್ಮಿಕ ವಿಮೆಯ ವ್ಯಾಪ್ತಿಯಲ್ಲಿರುತ್ತಾರೆ. ಮಾಲೀಕರು ಶೇ 3.25, ಕಾರ್ಮಿಕರು ಶೇ 0.75 ಕಟ್ಟುತ್ತಾರೆ. ಗಂಡಾಳಿರಲಿ ಹೆಣ್ಣಾಳಿರಲಿ ಕಟ್ಟುವುದು ಅಷ್ಟೇ. ಹೆರಿಗೆಯ ಕಾಲದ ಸಂಬಳ ಆ ನಿಧಿಯಿಂದ ಬರುತ್ತದೆ, ಮಾಲೀಕರ ಜೇಬಿನಿಂದಲ್ಲ. ಆಫೀಸಿನಲ್ಲಿ 40,000 ಸಂಬಳದವಳು ಹೆರಿಗೆಗೆ ಹೋದರೆ ಮಾತ್ರ ಅಷ್ಟೂ ತಿಂಗಳ ಸಂಬಳ ಆ ಒಬ್ಬ ಮಾಲೀಕನ ತಲೆಯ ಮೇಲೆ. ಹೆಣ್ಣಾಳಿನ ಮೇಲೆ ಅಸಹನೆ ಹುಟ್ಟಿಸುವುದು ಬಹಳ ಸಲ ರಜೆಯಲ್ಲ, ಅದರ ಬಿಲ್ಲು ಯಾರ ಹೆಸರಿಗೆ ಬರುತ್ತದೆ ಎಂಬುದು.

ಮುಟ್ಟಿನ ರಜೆಯ ಬಿಲ್ಲು ಈಗ ಪೂರ್ತಿ ಮಾಲೀಕರ ಹೆಸರಿಗೇ ಇದೆ. ಇಎಸ್‌ಐನ ಕಾಯಿಲೆ ಭತ್ಯೆಯನ್ನು ಇದಕ್ಕೆ ಬಳಸಲು ಬರುವುದಿಲ್ಲ. ಸಾಮಾನ್ಯವಾಗಿ ಅದು ಮೊದಲ ಎರಡು ದಿನಕ್ಕೆ ಸಿಗುವುದೇ ಇಲ್ಲ, ಸರ್ಟಿಫಿಕೇಟೂ ಬೇಕು. ಹಾಗಾದರೆ ನಿಧಿಯಿಂದಲೇ ಕೊಟ್ಟರೆ ಎಲ್ಲ ಸರಿಯಾಗುತ್ತದೆಯೇ? ಸ್ಪೇನ್ ಆ ದಾರಿ ಹಿಡಿಯಿತು. 2023ರ ಕಾನೂನಿನಲ್ಲಿ ಹಣ ಸರ್ಕಾರದ್ದೇ, ಆದರೆ ಡಾಕ್ಟರ್ ಚೀಟಿ ಕಡ್ಡಾಯ. ತೆಗೆದುಕೊಂಡವರು ನಿರೀಕ್ಷೆಗಿಂತ ಬಹಳ ಕಡಿಮೆ. ನೋವಿನಲ್ಲಿ ಮಲಗಿದವಳನ್ನು ಚೀಟಿಗಾಗಿ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲಿಸಿದರೆ ಅವಳು ಮಾತ್ರೆ ನುಂಗಿ ಕೆಲಸಕ್ಕೇ ಹೋಗುತ್ತಾಳೆ. ಜಪಾನಿನ ಅನುಭವ ಇನ್ನೂ ಹಳೆಯದು. ಅಲ್ಲಿ 1947ರಿಂದಲೂ ಈ ರಜೆ ಕಾನೂನಿನಲ್ಲಿದೆ, ಆದರೆ ಸಂಬಳ ಕೊಡಲೇಬೇಕೆಂದಿಲ್ಲ. ಸರ್ಕಾರವೇ 2020ರಲ್ಲಿ ಮಾಡಿದ ಸಮೀಕ್ಷೆಯಲ್ಲಿ ಅದನ್ನು ಕೇಳಿ ಪಡೆದವರು ಶೇ 1ಕ್ಕೂ ಕಡಿಮೆ. ನಮ್ಮ ದೇಶದಲ್ಲೇ ಬಿಹಾರ ಸರ್ಕಾರ 1992ರಿಂದ ತನ್ನ ಮಹಿಳಾ ನೌಕರರಿಗೆ ತಿಂಗಳಿಗೆ ಎರಡು ದಿನ ಕೊಡುತ್ತಿದೆ. ಹಾಗೆಂದು ಅಲ್ಲಿನ ಸರ್ಕಾರ ಹೆಂಗಸರನ್ನು ನೇಮಿಸುವುದನ್ನು ಬಿಟ್ಟಿಲ್ಲ. ಸರ್ಕಾರಿ ಕೆಲಸ ಬೇರೆ, ಖಾಸಗಿ ಬೇರೆ ಎಂದು ನಿಮ್ಮ ಮಾಲೀಕರು ಹೇಳಿದರೆ ಅದನ್ನು ಒಪ್ಪಿಕೊಳ್ಳಿ, ಅದು ಸರಿಯಾದ ಮಾತು.

ಜಪಾನಿನ ಆ ಅಂಕಿಯನ್ನು ಕೆಲವರು ‘ನೋಡಿ, ಯಾರಿಗೂ ಬೇಕಿಲ್ಲ’ ಎಂದು ಓದುತ್ತಾರೆ. ನಾನೂ ಒಮ್ಮೆ ಹಾಗೇ ಓದಿ ಮುಗ್ಗರಿಸಿದ್ದೆ. ಕೆಲವು ವರ್ಷಗಳ ಹಿಂದೆ ಒಂದು ಕಾರ್ಖಾನೆ ತಾನಾಗಿಯೇ ಇಂಥ ರಜೆ ಕೊಡಲು ಮುಂದಾದಾಗ ನಿಯಮಾವಳಿ ಬರೆದುಕೊಟ್ಟವಳು ನಾನೇ. ಒಂದು ಫಾರಂ ತುಂಬಿ ಲೈನ್ ಸೂಪರ್‌ವೈಸರ್ ಸಹಿ ಹಾಕಿಸಬೇಕು ಎಂದು ಬರೆದಿದ್ದೆ. ವರ್ಷದ ಕೊನೆಗೆ ನೋಡಿದರೆ ಇಡೀ ಕಾರ್ಖಾನೆಯಲ್ಲಿ ತೆಗೆದುಕೊಂಡವರು ಇಬ್ಬರು. ಬೇಡಿಕೆ ಇಲ್ಲವೆಂದು ಟಿಪ್ಪಣಿಯನ್ನೂ ಬರೆದುಬಿಟ್ಟೆ. ಆಮೇಲೆ ಕ್ಯಾಂಟೀನಿನಲ್ಲಿ ಊಟಕ್ಕೆ ಕೂತಾಗ ಒಬ್ಬಾಕೆ ತನ್ನ ಸಂಬಳ ಚೀಟಿ ತೋರಿಸಿದಳು. ರಜೆಯ ದಿನಕ್ಕೆ ಸಂಬಳ ಬಂದಿತ್ತು, ಅದರ ಕೆಳಗಿನ ಸಾಲಿನಲ್ಲಿ ‘ಹಾಜರಾತಿ ಬೋನಸ್’ ಎದುರು ಸೊನ್ನೆ. ತಿಂಗಳಲ್ಲಿ ಒಂದು ದಿನವೂ ತಪ್ಪದವರಿಗೆ ಮಾತ್ರ ಆ ಬೋನಸ್. ಒಂದು ದಿನದ ಸಂಬಳ ಉಳಿಸಿಕೊಳ್ಳಲು ಹೋಗಿ ಅದಕ್ಕಿಂತ ದೊಡ್ಡ ಮೊತ್ತ ಕಳೆದುಕೊಂಡಿದ್ದಳು. ಮಿಕ್ಕವರು ಅವಳನ್ನು ನೋಡಿ ಪಾಠ ಕಲಿತಿದ್ದರು. ಜೊತೆಗೆ ಆ ಸಹಿ: ಸೂಪರ್‌ವೈಸರ್ ಗಂಡಸು, ಪಕ್ಕದ ಊರಿನವನು, ಬಸ್ಸಿನಲ್ಲೂ ಜೊತೆಗೇ ಬರುವವನು. ಅವನ ಮುಂದೆ ಆ ಫಾರಂ ಹಿಡಿಯುವವರು ಯಾರು?

ಆದ್ದರಿಂದ ನಿಮ್ಮ ಮೊದಲ ಕೆಲಸ ಆ ಬೋನಸ್ಸಿನ ಸಾಲು. ಮುಟ್ಟಿನ ರಜೆಯನ್ನು ಹಾಜರಿ ಎಂದೇ ಪರಿಗಣಿಸುವಂತೆ ಸಂಬಳದ ಸಾಫ್ಟ್‌ವೇರಿನಲ್ಲಿ ಬದಲಾಯಿಸಬೇಕು. ಹಲವು ಸಾಫ್ಟ್‌ವೇರುಗಳು ಹೊಸ ರಜೆಯನ್ನು ತಾವಾಗಿಯೇ ಗೈರಿನ ಖಾನೆಗೆ ಹಾಕುತ್ತವೆ, ಯಾರೂ ಬೇಕೆಂದು ಮಾಡಿದ್ದಲ್ಲ, ಆದರೂ ಕಟ್ ಆಗುತ್ತದೆ. ಇದಕ್ಕೆ ಮಾಲೀಕರ ಒಪ್ಪಿಗೆ ಪಡೆಯುವುದೇ ಕಷ್ಟದ ಭಾಗ, ಮೇಲಿನ ಲೆಕ್ಕವನ್ನು ಆಗ ಮುಂದಿಡಿ.

ರಜೆ ಕೇಳುವ ದಾರಿ ಸೂಪರ್‌ವೈಸರ್ ಮೂಲಕ ಹೋಗದಿರಲಿ. ಫೋನ್ ಮಾಡಿದರೂ ಮೆಸೇಜ್ ಮಾಡಿದರೂ ನಿಮಗೇ ಬರಲಿ, ಲೈನಿಗೆ ನೀವು ಕೊಡುವ ಪಟ್ಟಿಯಲ್ಲಿ ‘ರಜೆ’ ಎಂದಷ್ಟೇ ಇರಲಿ. ಹಾಜರಾತಿ ಪರದೆ ಗೋಡೆಯ ಮೇಲಿದ್ದರೆ ಅದರಲ್ಲಿ ರಜೆಯ ಬಗೆ ಕಾಣಿಸದಂತೆ ನೋಡಿಕೊಳ್ಳಿ. ಒಂದು ಕಂಪನಿಯಲ್ಲಿ ಆ್ಯಪ್ ಈ ರಜೆಗೆ ಗುಲಾಬಿ ಬಣ್ಣ ಕೊಟ್ಟಿತ್ತು, ಇಡೀ ತಂಡಕ್ಕೆ ಕಾಣುತ್ತಿತ್ತು! ಮಾಡಿದವರಿಗೆ ಅದು ಮುದ್ದಾಗಿ ಕಂಡಿರಬೇಕು.

ಕೆಲವು ಮಾಲೀಕರು ಇನ್ನೊಂದು ಉಪಾಯ ಹೇಳುತ್ತಾರೆ: ಮುಟ್ಟಿನ ಹೆಸರೇ ಬೇಡ, ಗಂಡು ಹೆಣ್ಣು ಎಲ್ಲರಿಗೂ ಒಂದಷ್ಟು ಸಿಕ್ ಲೀವ್ ಕೊಡೋಣ. ಇದರಲ್ಲಿ ಹುರುಳಿದೆ. ಕಾರ್ಖಾನೆಗಳ ಹಳೆಯ ಕಾಯ್ದೆಯಲ್ಲಿ 20 ದಿನದ ಕೆಲಸಕ್ಕೆ ಒಂದು ದಿನದ ಗಳಿಕೆ ರಜೆ ಇತ್ತೇ ಹೊರತು ಸಿಕ್ ಲೀವ್ ಎಂಬುದು ಇರಲೇ ಇಲ್ಲ. ಆಫೀಸಿನವರಿಗೆ ಇದ್ದದ್ದು ಟೈಲರ್‌ಗೆ ಇರಲಿಲ್ಲ. ಎಲ್ಲರಿಗೂ ಕೊಟ್ಟರೆ ಹೆಣ್ಣಾಳು ದುಬಾರಿ ಎಂಬ ಮಾತಿಗೆ ಬುಡವೇ ಇರುವುದಿಲ್ಲ, ಯಾರೂ ಕಾರಣ ಹೇಳಬೇಕಿಲ್ಲ. ತೊಂದರೆ ಎಂದರೆ, ಜ್ವರಕ್ಕೂ ಮುಟ್ಟಿಗೂ ಒಂದೇ ಗಂಟಿನಿಂದ ತೆಗೆಯಬೇಕಾದಾಗ ಹೆಂಗಸರ ಗಂಟು ಬೇಗ ಕರಗುತ್ತದೆ. ಆದೇಶದ ಹನ್ನೆರಡು ದಿನದ ಬದಲಿಗೆ ಇದನ್ನು ಕೊಡಲು ಬರುವುದೂ ಇಲ್ಲ. ಅದರ ಜೊತೆಗೆ ಕೊಡುವುದಾದರೆ ನಾನು ಎರಡೂ ಕೈ ಎತ್ತಿ ಸ್ವಾಗತಿಸುತ್ತೇನೆ.

ವಿಶ್ರಾಂತಿ ಕೋಣೆ, ಬಿಸಿನೀರಿನ ಚೀಲ, ಪ್ಯಾಡ್ ಮಷೀನ್ ಕೊಟ್ಟು ರಜೆ ತಪ್ಪಿಸಿಕೊಳ್ಳಲು ನೋಡುವವರೂ ಇದ್ದಾರೆ. ಅವು ಬೇಕು, ರಜೆಗೆ ಬದಲಿಯಲ್ಲ. ಅದಕ್ಕೂ ಮೊದಲು ಶೌಚಾಲಯ ಎಣಿಸಿ. 25 ಹೆಂಗಸರಿಗೆ ಒಂದು ಎಂಬುದು ಕಾರ್ಖಾನೆ ನಿಯಮಗಳಲ್ಲಿ ಬಹಳ ಹಿಂದಿನಿಂದ ಇರುವ ಲೆಕ್ಕ, ನಿಮ್ಮಲ್ಲಿ 150 ಜನಕ್ಕೆ ಆರು. ಆರೂ ಬೀಗ ತೆಗೆದಿವೆಯೇ, ನೀರು ಬರುತ್ತದೆಯೇ, ಹೋಗಿ ಬರಲು ಟೋಕನ್ ಕೇಳುತ್ತಾರೆಯೇ ನೋಡಿ. ಮುಟ್ಟಿನ ದಿನ ರಜೆ ತೆಗೆದುಕೊಳ್ಳುವ ಹಲವರಿಗೆ ನೋವಿಗಿಂತ ಆ ಟೋಕನ್ನಿನದೇ ಚಿಂತೆ.

ಈ ಆದೇಶದ ಹೊರಗೇ ಉಳಿದವರ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ಮನೆಗೆಲಸದವರು, ಕೂಲಿಗೆ ಹೋಗುವವರು, ಕಬ್ಬು ಕಡಿಯುವವರಿಗೆ ಮಾಲೀಕ ಎಂದು ಕಾಗದದಲ್ಲಿ ಯಾರೂ ಇರುವುದಿಲ್ಲ, ಹಾಗಾಗಿ ರಜೆಯೂ ಇಲ್ಲ. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರು ಚಿಕ್ಕ ವಯಸ್ಸಿಗೇ ಗರ್ಭಕೋಶ ತೆಗೆಸಿಕೊಳ್ಳುತ್ತಿರುವುದು 2019ರಲ್ಲಿ ದೊಡ್ಡ ಸುದ್ದಿಯಾಯಿತು. ಒಂದು ದಿನ ತಪ್ಪಿದರೆ ಮುಕ್ಕದಮ, ಅಂದರೆ ಆಳುಗಳನ್ನು ಕರೆತರುವ ಗುತ್ತಿಗೆದಾರ, ಗಂಡ ಹೆಂಡತಿ ಜೋಡಿಗೆ ದಂಡ ಹಾಕುತ್ತಿದ್ದ. ‘ನಾವು ಸಹಿಸಿಕೊಂಡಿಲ್ವಾ’ ಎನ್ನುವ ನಿಮ್ಮ ಹಿರಿಯ ಟೈಲರ್‌ಗಳಿಗೆ ಬಿಡುವಿದ್ದಾಗ ಇದನ್ನು ಹೇಳಿ ನೋಡಿ.

ಆ ಹುಡುಗಿಯ ವಿಷಯ ಉಳಿಯಿತು. ಲೈನಿನ ಮಧ್ಯೆ ಹಾಗೆ ಕೂಗಿದ್ದು ತಮಾಷೆ ಎಂದು ಬಿಟ್ಟುಬಿಡಬೇಡಿ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಡಿ ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಹೆಣ್ಣಿನ ದೇಹದ ಬಗ್ಗೆ ಹೀನಾಯವಾಗಿ ಮಾತಾಡುವುದು ಅದರ ಮುಂದೆ ಹೋಗಬಲ್ಲ ವಿಷಯ. ದೂರು ಕೊಡುವುದು ಬಿಡುವುದು ಅವಳಿಗೆ ಬಿಟ್ಟದ್ದು, ಅವಳ ಪರವಾಗಿ ನೀವು ತೀರ್ಮಾನಿಸಬೇಡಿ. ಆದರೆ ಸೂಪರ್‌ವೈಸರ್‌ಗೆ ನೀವೇ ನೇರವಾಗಿ ಹೇಳಬಹುದು: ಇನ್ನು ಮುಂದೆ ಈ ರಜೆ ನಿನ್ನ ಹತ್ತಿರ ಯಾರೂ ಕೇಳುವುದಿಲ್ಲ, ನೀನೂ ಯಾರನ್ನೂ ಕೇಳಬೇಡ. ಆಮೇಲೆ ಶೌಚಾಲಯದ ಬಾಗಿಲ ಒಳಬದಿಗೆ, ಹೆಂಗಸರಷ್ಟೇ ಓದುವ ಕಡೆ, ಒಂದು ಚೀಟಿ ಅಂಟಿಸಿ: ‘ಮುಟ್ಟಿನ ರಜೆ ತಿಂಗಳಿಗೆ ಒಂದು ದಿನ. ಸಂಬಳ ಕಟ್ ಇಲ್ಲ, ಹಾಜರಾತಿ ಬೋನಸ್ ಕಟ್ ಇಲ್ಲ. ಕಾರಣ ಹೇಳಬೇಕಿಲ್ಲ. ಬೆಳಿಗ್ಗೆ ಈ ನಂಬರಿಗೆ ಒಂದು ಮಿಸ್ಡ್ ಕಾಲ್ ಸಾಕು.’ ನಂಬರ್ ನಿಮ್ಮದಿರಲಿ. ಬೋನಸ್ಸಿನ ಸಾಲು ಸಾಫ್ಟ್‌ವೇರಿನಲ್ಲಿ ಸರಿಯಾದ ಮೇಲೆ ಮಾತ್ರ ಅಂಟಿಸಿ, ಅದಕ್ಕೆ ಮೊದಲು ಬೇಡ.